ಜೀರುಂಡೆಯ ಗುಟ್ಟು

ಶಹಾಬಾದಿನ ಹಾಸುಗಲ್ಲಿನ ಅಂಗಳಗಳಲ್ಲಿ ಗರಗಸದ ಆರ್ಭಟವೇ ಆರ್ಭಟ. ಲಾರಿಯು ಹಿಮ್ಮುಖವಾಗಿ ಸರಿದು ಬಂದರೆ, ಬೆನ್ನು ತಿರುಗಿಸಿ ನಿಂತ ಕೂಲಿಕಾರನಿಗೆ ಅರಿವಾಗುವುದೆಂತು? ಎಚ್ಚರಿಸಲು ಬಹಳ ಹಣವೇನೂ ಬೇಡ: ನಾಣ್ಯದಗಲದ ಪಿಯೆಜೊ ಬಿಲ್ಲೆ, ಅದನ್ನು ಮಿಡಿಸಲು ಉಗುರಿನಗಲದ ಮೈಕ್ರೊಕಂಟ್ರೋಲರು. ಬಿಲ್ಲೆಗೆ ತನ್ನದೇ ಆದ ಕಂಪನವುಂಟು, ಸಾಮಾನ್ಯವಾಗಿ ಸೆಕೆಂಡಿಗೆ 2,000ದಿಂದ 4,000 ಸಲ. ಆ ಲಯಕ್ಕೆ ಮಿಡಿದರೆ ಜೀರುಂಡೆಯಂತೆ ಚೀರುವುದು. ತಪ್ಪಿದರೆ ಬರಿಯ ಪಿಸುಮಾತು. ಮನುಷ್ಯನ ಕಿವಿ ಅತಿ ಚುರುಕಾಗಿರುವುದೂ ಸುಮಾರು ಅದೇ ಮಟ್ಟದಲ್ಲೆಂಬುದು ನಮ್ಮ ಭಾಗ್ಯ! ಬಿಲ್ಲೆಯ ಎರಡು ತಂತಿಗಳನ್ನೂ ಮೈಕ್ರೊಕಂಟ್ರೋಲರಿನ ಎರಡು ಕಾಲುಗಳಿಗೆ ಬೆಸೆದು, ಒಂದು ಏರಿದಾಗ ಮತ್ತೊಂದು ಇಳಿಯುವಂತೆ ಮಾಡಿದರೆ 5 ವೋಲ್ಟಿನ ಏರಿಳಿತ 10 ಆಗಿ, ಧ್ವನಿ ಸುಮಾರು 6 ಡೆಸಿಬೆಲ್ ಹೆಚ್ಚುವುದು. ಅದೂ ಗರಗಸಕ್ಕೆ ಸೋತರೆ ಟ್ರಾನ್ಸಿಸ್ಟರಿನ ಮೂಲಕ ಲಾರಿಯ ಬ್ಯಾಟರಿಯ ಬಲವನ್ನೇ ಕೊಡಬೇಕು. ಸ್ವರ ತಡೆತಡೆದು ಕೂಗಲಿ. ಬಿಡದೆ ಅರಚುವುದಕ್ಕೆ ಕಿವಿ ಬೇಗ ಒಗ್ಗಿಹೋಗುವುದು.