ಕಮಟು ಹಿಂಡಿಯೂ ಕೋಳಿಮರಿಗಳ ಮೆದುಳ ಬೇನೆಯೂ

ಭೂತನಾಳದ ಸುತ್ತಲಿನ ಎರೆಭೂಮಿಯ ಸೀಮೆಯಲ್ಲಿ ಹಿಂಗಾರಿ ಬಿಳಿಜೋಳದೊಡನೆ ಕುಸುಬಿಯನ್ನು ಬಿತ್ತುವ ವಾಡಿಕೆಯು ಹಳೆಯದು. ಗಾಣದಿಂದ ಬಂದ ಕುಸುಬಿ ಹಿಂಡಿಯು ದನಗಳಿಗೆ ಸಂದು, ಉಳಿದ ಪುಡಿಯು ಹಿತ್ತಲ ಕೋಳಿಗಳ ಪಾಲಾಗುವದುಂಟು. ಆ ಹಿಂಡಿಯು ಹಳತಾಗಿ ಕಮಟಿದ್ದರೆ ಎಳೆಯ ಮರಿಗಳ ಮೆದುಳೇ ಕೆಡಬಹುದೆಂಬದನ್ನು ಗೌಡರೂ ಜಮೀನುದಾರರೂ ಲಕ್ಷ್ಯದಲ್ಲಿಡತಕ್ಕದ್ದು.

ಈ ಬೇನೆಯು ಬಹುಮಟ್ಟಿಗೆ 15 ರಿಂದ 30 ದಿನಗಳ ಮರಿಗಳಿಗೆ ತಗಲುತ್ತದೆ. ಮರಿಯು ತೂರಾಡುತ್ತದೆ, ತಲೆಯನ್ನು ಹಿಂದಕ್ಕೆ ಇಲ್ಲವೆ ಕೆಳಕ್ಕೆ ತಿರುಚಿಕೊಂಡು ಬೀಳುತ್ತದೆ, ಮಲಗಿದಲ್ಲಿಯೇ ಕಾಲು ಬಡಿಯುತ್ತದೆ. ಇದನ್ನು ಕಂಡು ಗಾಳಿ ಸೋಂಕಿತೆಂದು ತಾಯಿತ ಕಟ್ಟಿಸುವವರಿದ್ದಾರೆ. ಊರ ಹೆಸರಿನಲ್ಲಿ ಭೂತವಿದ್ದ ಮಾತ್ರಕ್ಕೆ ಮರಿಗಳಿಗೆ ಭೂತ ಬಡಿಯುವದಿಲ್ಲ. ಸತ್ತ ಮರಿಯನ್ನು ಕೊಯ್ದು ನೋಡಿದರೆ ಕಿರುಮೆದುಳು ಬಾತು, ರಕ್ತದ ಚುಕ್ಕೆಗಳಿಂದ ಕೂಡಿರುವದು. 1931 ರಲ್ಲಿ ಅಮೇರಿಕೆಯ ಪಾಪೆನ್‌ಹೈಮರ್ ಮತ್ತು ಗೆಟ್ಶ್ ಎಂಬ ವಿದ್ವಾಂಸರು ಇದನ್ನು ವರ್ಣಿಸಿದರು.

ಕಾರಣವು ಇಂತಿದೆ. ಸಾಮಾನ್ಯ ಕುಸುಬಿಯ ಎಣ್ಣೆಯಲ್ಲಿ ನೂರಕ್ಕೆ 70 ಕ್ಕೂ ಮಿಕ್ಕಿ ಗಾಳಿಗೆ ಬೇಗ ಕೆಡುವ ಲಿನೋಲಿಯಿಕ್ ಆಮ್ಲವಿದೆ. ಗಾಣದ ಹಿಂಡಿಯಲ್ಲಿ ಎಣ್ಣೆಯ ಅಂಶವು ಉಳಿದೇ ಇರುತ್ತದೆ. ಮೆದುಳೂ ಕೊಬ್ಬಿನಿಂದ ತುಂಬಿದ ಅವಯವವು. ಪ್ರಾಣವಾಯುವನ್ನು ಹೇರಳವಾಗಿ ಉಪಯೋಗಿಸುವಂಥದು. ಅಲ್ಲಿಯ ಕೊಬ್ಬು ಕಮಟದಂತೆ ಕಾಯುವದು 'ಇ' ಜೀವಸತ್ವವು. ಅದು ತಾನು ಸವೆದು ಕೊಬ್ಬನ್ನು ಉಳಿಸುತ್ತದೆ. ಹಿಂಡಿಯು ಕಮಟುವಾಗ ಅದರೊಳಗಿನ ಜೀವಸತ್ವವು ಅಲ್ಲಿಯೇ ತೀರಿಹೋಗುವದರಿಂದ, ಮರಿಗೆ ಕೇಡು ಹೆಚ್ಚಾಗಿಯೂ ಕಾವಲು ಕಡಿಮೆಯಾಗಿಯೂ ಒದಗುವದು. (ಇಷ್ಟರಿಂದ ವೃದ್ಧರ ಮರೆವಿಗೂ ಈ ಗುಳಿಗೆಯೇ ಮದ್ದೆಂದು ಯಾರೂ ಭಾವಿಸಬಾರದು, ಮನುಷ್ಯರ ಮೇಲೆ ನಡೆದ ದೊಡ್ಡ ಪ್ರಯೋಗಗಳಲ್ಲಿ ಅದು ಮರೆವಿನ ರೋಗವನ್ನು ತಡೆದದ್ದು ಕಂಡುಬಂದಿಲ್ಲ.)

ಆದುದರಿಂದ ಬೇಸಿಗೆಯಲ್ಲಿ 15 ದಿನಗಳಿಗೆ ಸಾಕಾಗುವಷ್ಟೇ ಹಿಂಡಿಯನ್ನು ಪುಡಿಮಾಡಿ ತಂಪಾದ ಒಣ ಜಾಗದಲ್ಲಿಡತಕ್ಕದ್ದು. ಕಮಟು ವಾಸನೆ ಬಂದದ್ದನ್ನು ಮರಿಗಳಿಗೆ ಸರ್ವಥಾ ಹಾಕಬಾರದು. ಹೆಚ್ಚಿದ ಕುದುರೆಮೆಂತೆಯನ್ನೂ ಮೊಳಕೆಯೊಡೆದ ಗೋದಿಯನ್ನೂ ದಿನಾಲು ಕೊಟ್ಟರೆ ಜೀವಸತ್ವವು ದೊರೆಯುವದು. ಕೊಳ್ಳುವ ಮೇವಾದರೆ ಚೀಲದ ಮೇಲಿನ ತಾರೀಖನ್ನು ನೋಡಿಕೊಳ್ಳುವದು. ಮೆದುಳು ಕೆಟ್ಟ ಮೇಲೆ ಔಷಧದ ಗುಣವು ಸ್ವಲ್ಪವೇ; ನೆಟ್ಟಗಿರುವ ಮರಿಗಳನ್ನು ಕಾಯುವದೇ ಲಾಭ.

ಕುತ್ತಿಗೆ ತಿರುಚುವದು ರಾಣಿಖೇತ ರೋಗದಲ್ಲಿಯೂ ಉಂಟು. ಅದು ಅಂಟುರೋಗವು, ದೊಡ್ಡ ಕೋಳಿಗಳನ್ನೂ ಬಿಡುವದಿಲ್ಲ. ಏದುಸಿರೂ ಹಸಿರು ಭೇದಿಯೂ ಕೂಡಿಬರುವವು. ಕಾರಣ, ಒಂದೆರಡು ಮರಿ ತೂರಾಡಿದ ಕೂಡಲೇ ಅವನ್ನು ಬೇರ್ಪಡಿಸಿ, ಸತ್ತದ್ದನ್ನು ತಿಪ್ಪೆಗೆ ಎಸೆಯದೆ, ಪಶುವೈದ್ಯರಿಗೆ ತೋರಿಸತಕ್ಕದ್ದು.