ಬೆರಳಿಗೆ ಉಂಗುರ, ಗೊರಕೆಗೆ ಪರೀಕ್ಷೆ

ಮೂರು ಗ್ರಾಂ ಆಸುಪಾಸು ತೂಗುವ ಟೈಟಾನಿಯಂ ಉಂಗುರಕ್ಕೆ ಮೂವತ್ತು ಸಾವಿರ ರೂಪಾಯಿ ಕೊಡಬಹುದೇ? ಮಂಗಳೂರಿನ ಮನೆಗಳಲ್ಲಿ ಈಗ ಈ ಮಾತು ಬರುತ್ತಿದೆ. ದುಬೈಯಿಂದ ರಜೆಗೆ ಹೊರಟ ಅಣ್ಣ ಫೋನ್ ಮಾಡಿ ‘ಒಂದು ತರಲಾ’ ಎನ್ನುತ್ತಾನೆ. ರಾತ್ರಿ ಪಾಳಿಯ ಐಟಿ ಗೆಳೆಯ ಬೆಳಿಗ್ಗೆ ಎದ್ದು ತನ್ನ ನಿದ್ದೆಗೆ ಬಿದ್ದ ಅಂಕ ತೋರಿಸುತ್ತಾನೆ. ಆದರೆ ಹಂಪನಕಟ್ಟೆಯಲ್ಲಿ ಚಿನ್ನ ಕೊಳ್ಳುವ ಊರಿನವರಿಗೆ ಉಂಗುರದ ಲೆಕ್ಕವೇ ಬೇರೆ. ಹತ್ತು ವರ್ಷ ಬಿಟ್ಟು ಅಂಗಡಿಗೆ ಒಯ್ದರೂ ಅದರ ತೂಕಕ್ಕೆ ಬೆಲೆ ಸಿಗಬೇಕು. ಸ್ಮಾರ್ಟ್ ರಿಂಗ್‌ಗೆ ಆ ಆಯುಸ್ಸಿಲ್ಲ. ಒಳಗಿರುವ ಪುಟ್ಟ ಬ್ಯಾಟರಿ ಸೋತರೆ ಬಿಚ್ಚಿ ಬೇರೆ ಹಾಕಲು ಬರುವುದಿಲ್ಲ, ಉಂಗುರವೇ ಕಸ. ಇಷ್ಟು ಹಣಕ್ಕೆ ಅದು ನಮ್ಮ ನಿದ್ದೆಯ ಬಗ್ಗೆ ಏನು ಹೇಳುತ್ತದೆ, ಏನು ಹೇಳಲಾರದು ಎಂಬುದನ್ನು ನೋಡಿಯೇ ಕೈ ಹಾಕಬೇಕು.

ಈ ಸರಕನ್ನು ಜನಪ್ರಿಯಗೊಳಿಸಿದ್ದು ಫಿನ್ಲೆಂಡಿನ ಔಲು ನಗರದಲ್ಲಿ 2013ರಲ್ಲಿ ಶುರುವಾದ ಔರಾ ಕಂಪನಿ. ಅದರ ಬಲವಾದ ಎದುರಾಳಿ ನಮ್ಮ ರಾಜ್ಯದಲ್ಲೇ ಇದೆ. ಮೋಹಿತ್ ಕುಮಾರ್ ಮತ್ತು ವತ್ಸಲ್ ಸಿಂಘಾಲ್ 2019ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಅಲ್ಟ್ರಾಹ್ಯೂಮನ್, 2023ರಲ್ಲಿ ‘ರಿಂಗ್ ಏರ್’ ಅನ್ನು 28,499 ರೂಪಾಯಿಗೆ ಮಾರುಕಟ್ಟೆಗೆ ತಂದಿತು. ಸ್ಯಾಮ್‌ಸಂಗ್‌ನ ಗ್ಯಾಲಕ್ಸಿ ರಿಂಗ್ 2024ರ ಅಕ್ಟೋಬರಿನಲ್ಲಿ 38,999 ರೂಪಾಯಿಗೆ ಭಾರತಕ್ಕೆ ಬಂತು. ಹತ್ತು ಸಾವಿರದ ಒಳಗಿನ ಉಂಗುರಗಳೂ ಇವೆ. ಔರಾ ಮತ್ತು ಅಲ್ಟ್ರಾಹ್ಯೂಮನ್ ನಡುವಿನ ವ್ಯಾಜ್ಯದಲ್ಲಿ ಅಮೆರಿಕದ ಅಂತಾರಾಷ್ಟ್ರೀಯ ವ್ಯಾಪಾರ ಆಯೋಗ 2025ರ ಆಗಸ್ಟಿನಲ್ಲಿ ಔರಾದ ಪರವಾಗಿ ತೀರ್ಪಿತ್ತಿತು. ಅಕ್ಟೋಬರಿನಿಂದ ಬೆಂಗಳೂರಿನ ಈ ಉಂಗುರವನ್ನು ಅಮೆರಿಕಕ್ಕೆ ಆಮದು ಮಾಡಿಕೊಳ್ಳುವುದಕ್ಕೆ ತಡೆ ಬಿತ್ತು. ಅಲ್ಲಿ ಜಗಳವಿದ್ದದ್ದು ಉಂಗುರದ ಒಳರಚನೆಯ ಪೇಟೆಂಟಿನ ಬಗ್ಗೆ. ನಿದ್ದೆಯನ್ನು ಯಾರು ಸರಿಯಾಗಿ ಅಳೆಯುತ್ತಾರೆ ಎಂಬ ಪ್ರಶ್ನೆ ಆ ಕಟಕಟೆಗೆ ಬರಲೇ ಇಲ್ಲ.

ಉಂಗುರದ ಒಳಮೈಯಲ್ಲಿ ಹಸಿರು, ಕೆಂಪು, ಅವಕೆಂಪು ಬೆಳಕಿನ ಪುಟ್ಟ ದೀಪಗಳಿವೆ. ಆ ಬೆಳಕು ಚರ್ಮದೊಳಗೆ ಹೋಗಿ ಮರಳುವಾಗ ರಕ್ತನಾಳದ ಉಬ್ಬರವಿಳಿತಕ್ಕೆ ತಕ್ಕಂತೆ ಹೆಚ್ಚುಕಡಿಮೆಯಾಗುತ್ತದೆ. ಅದರಿಂದ ನಾಡಿಮಿಡಿತವೂ ಮಿಡಿತಗಳ ನಡುವಿನ ಅಂತರವೂ ಸಿಗುತ್ತವೆ. ಈ ಉಪಾಯ ಹೊಸದಲ್ಲ, ಅಮೆರಿಕದ ಶರೀರವಿಜ್ಞಾನಿ ಆಲ್ರಿಕ್ ಹರ್ಟ್ಸ್‌ಮನ್ 1930ರ ದಶಕದಲ್ಲೇ ಮಾಡಿ ತೋರಿಸಿದ್ದು. ಜೊತೆಗೆ ಅಲುಗಾಟ ಅಳೆಯುವ ಒಂದು ಸೆನ್ಸರ್, ಚರ್ಮದ ಉಷ್ಣತೆಗೆ ಇನ್ನೊಂದು. ಮಣಿಕಟ್ಟಿಗಿಂತ ಬೆರಳಿನಲ್ಲಿ ನಾಡಿ ಸ್ಪಷ್ಟವಾಗಿ ಸಿಗುತ್ತದೆ, ನಿದ್ದೆಯಲ್ಲಿ ವಾಚಿನಷ್ಟು ತೊಡಕೂ ಇಲ್ಲ. ಈ ಮಟ್ಟಿಗೆ ಉಂಗುರದ ವಾದ ನ್ಯಾಯವಾದದ್ದೇ.

ತೊಡಕು ಬರುವುದು ಮುಂದಿನ ಹೆಜ್ಜೆಯಲ್ಲಿ. ಗಾಢ ನಿದ್ದೆ, ಹಗುರ ನಿದ್ದೆ, ಕನಸಿನ ನಿದ್ದೆ ಎಂಬ ವಿಂಗಡಣೆ ಮಿದುಳಿನ ವಿದ್ಯುತ್ ಅಲೆಗಳನ್ನು ನೋಡಿ ಮಾಡಿದ್ದು. ಕಣ್ಣಾಲಿಗಳು ಚುರುಕಾಗಿ ಓಡುವ ನಿದ್ದೆಯನ್ನು ಷಿಕಾಗೊದ ಅಸರಿನ್ಸ್ಕಿ ಮತ್ತು ಕ್ಲೈಟ್‌ಮನ್ ಜಗತ್ತಿಗೆ ತಿಳಿಸಿದ್ದು 1953ರಲ್ಲಿ. ಇಂದಿಗೂ ಬೆಂಗಳೂರಿನ ನಿಮ್ಹಾನ್ಸ್ ಆಗಲಿ ಇನ್ನಾವುದೇ ನಿದ್ರಾ ಪ್ರಯೋಗಾಲಯವಾಗಲಿ ತಲೆಗೆ, ಕಣ್ಣಿನ ಪಕ್ಕಕ್ಕೆ, ಗದ್ದಕ್ಕೆ ವಯರು ಅಂಟಿಸಿ, ಇಡೀ ರಾತ್ರಿಯನ್ನು 30 ಸೆಕೆಂಡಿನ ತುಣುಕುಗಳಾಗಿ ಕತ್ತರಿಸಿ ಓದುತ್ತದೆ. ಉಂಗುರಕ್ಕೆ ಮಿದುಳು ಕಾಣಿಸುವುದಿಲ್ಲ. ನಾಡಿ, ಅಲುಗಾಟ, ಉಷ್ಣತೆ ಈ ಮೂರನ್ನು ಹಿಡಿದು ಮಿದುಳಿನ ಸ್ಥಿತಿಯನ್ನು ಊಹಿಸುತ್ತದೆ. ಆ ಊಹೆ ಎಷ್ಟು ಗಟ್ಟಿ ಎಂಬುದೇ ಬೆಲೆಯ ಪ್ರಶ್ನೆ.

ಔರಾದ ಆರಂಭದ ಉಂಗುರವನ್ನು 41 ಹದಿಹರೆಯದವರು ಮತ್ತು ತರುಣರ ಮೇಲೆ ಪ್ರಯೋಗಾಲಯದ ಪರೀಕ್ಷೆಯ ಜೊತೆಗಿಟ್ಟು ನೋಡಿದ ಅಧ್ಯಯನ 2017ರಲ್ಲಿ ಬಂತು. ಅವರು ನಿಜಕ್ಕೂ ನಿದ್ದೆಯಲ್ಲಿದ್ದ ತುಣುಕುಗಳಲ್ಲಿ ಶೇ 96ನ್ನು ಉಂಗುರ ‘ನಿದ್ದೆ’ ಎಂದೇ ಗುರುತಿಸಿತು. ಎಚ್ಚರವಿದ್ದ ತುಣುಕುಗಳಲ್ಲಿ ಎಚ್ಚರವೆಂದು ಹೇಳಿದ್ದು ಶೇ 48 ಮಾತ್ರ. ಗಾಢ ನಿದ್ದೆ ಶೇ 51. ಆಮೇಲೆ ಸುಧಾರಣೆಯಾಗಿದೆ: 2024ರಲ್ಲಿ ಬಾಸ್ಟನ್‌ನ ಸಂಶೋಧಕರು 35 ಜನರ ಮೇಲೆ ನಡೆಸಿದ ಹೋಲಿಕೆಯಲ್ಲಿ ಔರಾ ನಿದ್ದೆಯ ಹಂತಗಳನ್ನು ಸುಮಾರು ಶೇ 76ರಿಂದ 80ರಷ್ಟು ಸರಿಯಾಗಿ ಹಿಡಿಯಿತು. ಆ ಅಧ್ಯಯನಕ್ಕೆ ಹಣ ಕೊಟ್ಟದ್ದು ಔರಾ ಕಂಪನಿಯೇ, ಪಾಲ್ಗೊಂಡವರು ಆರೋಗ್ಯವಂತರು. ನಿದ್ದೆ ಬಾರದೆ ಕಣ್ಣು ಮುಚ್ಚಿ, ಹೊರಳದೆ ಮಲಗಿರುವವರು ಇದನ್ನು ಗಮನಿಸಬೇಕು. ನಿಶ್ಚಲವಾಗಿ ಮಲಗಿದ ಎಚ್ಚರವನ್ನು ಇಂಥ ಸಾಧನಗಳು ನಿದ್ದೆಯೆಂದು ಬರೆದುಕೊಳ್ಳುವ ಸಾಧ್ಯತೆ ಹೆಚ್ಚು. ನಿಜವಾದ ಕಷ್ಟ ಯಾರಿಗಿದೆಯೋ ಅವರ ವಿಷಯದಲ್ಲೇ ಉಂಗುರದ ಮಾತು ಸಡಿಲ.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಅಂಕದ ಚಿಂತೆ. ಅದೇ 2017ರಲ್ಲಿ ಕೆಲ್ಲಿ ಬ್ಯಾರನ್ ಮತ್ತು ಸಂಗಡಿಗರು ‘ಆರ್ಥೋಸಾಮ್ನಿಯಾ’ ಎಂಬ ಹೆಸರಿಟ್ಟು ಕೆಲವು ರೋಗಿಗಳ ಕಥೆ ದಾಖಲಿಸಿದರು. ಯಂತ್ರದಲ್ಲಿ ಒಳ್ಳೆಯ ಅಂಕ ಬರಲೆಂದು ಹಾಸಿಗೆಯಲ್ಲೇ ಹೆಚ್ಚು ಹೊತ್ತು ಕಳೆದು ನಿದ್ದೆಯನ್ನು ಇನ್ನಷ್ಟು ಕೆಡಿಸಿಕೊಂಡವರು ಅವರು. ಪ್ರಯೋಗಾಲಯದಲ್ಲಿ ಗಾಢ ನಿದ್ದೆ ಬಂದದ್ದನ್ನು ತೋರಿಸಿದರೂ ತಮ್ಮ ಯಂತ್ರವನ್ನೇ ನಂಬಿದವರೂ ಅವರಲ್ಲಿದ್ದರು. ಈಗಾಗಲೇ ನಿದ್ದೆಯ ಬಗ್ಗೆ ಆತಂಕವಿದ್ದವರ ಬೆರಳಿಗೆ ಈ ಉಂಗುರ ಹಾಕುವುದು ಸರಿಯಲ್ಲವೆಂದೇ ನನ್ನ ಅಭಿಪ್ರಾಯ.

ನಮ್ಮ ಊರಿನ ರಾತ್ರಿಗಳನ್ನೂ ನೋಡಬೇಕಲ್ಲ. ಏಪ್ರಿಲ್–ಮೇಯಲ್ಲಿ ನಡುರಾತ್ರಿಯೂ ಬೆವರಿಳಿಸುವ ಸೆಕೆ. ಮಲಗುವ ಕೋಣೆಯ ಸೆಕೆಗೆ ನಿದ್ದೆ ತುಂಡಾಗುತ್ತದೆ ಎಂದು ತಿಳಿಯಲು ಸೆನ್ಸರ್ ಬೇಕಿಲ್ಲ. ಕೊಲ್ಲಿಯಲ್ಲಿರುವ ಮಗ ಕೆಲಸ ಮುಗಿಸಿ ದುಬೈಯ ಹತ್ತು ಗಂಟೆಗೆ ವಿಡಿಯೊ ಕರೆ ಮಾಡಿದರೆ ಬಿಜೈಯ ತಾಯಿಗೆ ಅದು ಹನ್ನೊಂದೂವರೆ. ಪತ್ತನಾಜೆಯವರೆಗೆ ಆಟ, ಕೋಲ, ನೇಮಗಳ ಸಾಲು. ಬಯಲಾಟ ನೋಡಿ ಬೆಳಗಿನ ಜಾವ ಮನೆಗೆ ಬಂದವರಿಗೆ ಆ್ಯಪ್ ಕೆಟ್ಟ ಅಂಕ ಕೊಟ್ಟೀತು. ಕೊಡಲಿ. ಆರೋಗ್ಯವಂತರ ದೇಹ ಒಂದು ರಾತ್ರಿಯ ನಿದ್ದೆಗೇಡನ್ನು ತಾಳಿಕೊಳ್ಳುತ್ತದೆ, ಅದಕ್ಕಾಗಿ ಆಟ ತಪ್ಪಿಸಿಕೊಳ್ಳಬೇಕಿಲ್ಲ. ದಿನವೂ ಹನ್ನೊಂದೂವರೆಗೆ ಮಲಗಿ ಐದಕ್ಕೆ ಏಳುವುದು ಬೇರೆ ಮಾತು. ಅದನ್ನು ಹದಿನೈದು ದಿನ ಕ್ಯಾಲೆಂಡರಿನಲ್ಲಿ ಬರೆದಿಟ್ಟರೆ ಖರ್ಚಿಲ್ಲದೆ ಗೊತ್ತಾಗುತ್ತದೆ.

ಇನ್ನು ಗೊರಕೆ. ‘ಇವರ ನಿದ್ದೆ ಸರಿಯಿಲ್ಲ, ಒಂದು ರಿಂಗ್ ಕೊಡಿಸೋಣ’ ಎಂಬ ಮಾತಿನ ಹಿಂದೆ ಎಷ್ಟೋ ಸಲ ಇರುವುದು ಇದೇ. ಗಂಟಲಿನ ದಾರಿ ಕುಸಿದು ನಿದ್ದೆಯಲ್ಲಿ ಮತ್ತೆಮತ್ತೆ ಉಸಿರು ಕಟ್ಟುವ ಸ್ಲೀಪ್ ಆಪ್ನಿಯಾ ಭಾರತದಲ್ಲಿ ದುಡಿಯುವ ವಯಸ್ಸಿನ ಸುಮಾರು 10.4 ಕೋಟಿ ಜನರಿಗೆ ಇರಬಹುದೆಂದು ದೆಹಲಿಯ ಏಮ್ಸ್ ಸಂಶೋಧಕರು 2023ರಲ್ಲಿ ಅಂದಾಜಿಸಿದರು. ಗಂಟೆಗೆ ಐದು ಸಲ ಉಸಿರಿಗೆ ಅಡ್ಡಿಯಾದರೆ ಕಾಯಿಲೆಯ ಆರಂಭ, ಮೂವತ್ತು ದಾಟಿದರೆ ತೀವ್ರ. ರಕ್ತದೊತ್ತಡ ಏರುತ್ತದೆ, ಹಗಲು ತೂಕಡಿಕೆ ಬರುತ್ತದೆ. ಮಂಗಳೂರಿನಿಂದ ರಾತ್ರಿ ಹೊರಟು ಶಿರಾಡಿ ಘಾಟಿ ಹತ್ತುವ ಬಸ್ಸಿನ ಚಾಲಕನಿಗೆ ಈ ಕಾಯಿಲೆ ಇದ್ದರೆ ಅಪಾಯ ಅವನೊಬ್ಬನದಲ್ಲ.

ಇದನ್ನು ಶಂಕಿಸಲು ಬೇಕಾಗುವುದು ಎಂಟು ಪ್ರಶ್ನೆ. ಟೊರಾಂಟೊದ ವೈದ್ಯೆ ಫ್ರಾನ್ಸಿಸ್ ಚಂಗ್ ಅವರ ತಂಡ ರೂಪಿಸಿದ ‘ಸ್ಟಾಪ್-ಬ್ಯಾಂಗ್’ ಪಟ್ಟಿ ಅದು: ಜೋರು ಗೊರಕೆ, ಹಗಲಿನ ಆಯಾಸ, ಉಸಿರು ನಿಂತದ್ದನ್ನು ಕಂಡವರಿದ್ದಾರೆಯೇ, ಬಿಪಿ, ಬೊಜ್ಜು, 50 ದಾಟಿದ ವಯಸ್ಸು, ದಪ್ಪ ಕತ್ತು, ಗಂಡಸೇ ಎಂಬುದು. ಮೂರು ಅಥವಾ ಹೆಚ್ಚು ಹೌದು ಬಂದರೆ ವೈದ್ಯರಲ್ಲಿ ಹೋಗಬೇಕು. ಪಕ್ಕದಲ್ಲಿ ಮಲಗುವ ಹೆಂಡತಿ ಕಂಡದ್ದಕ್ಕೆ ಇಲ್ಲಿ ಒಂದು ಇಡೀ ಅಂಕವಿದೆ, ಅವರನ್ನೂ ಕರೆದುಕೊಂಡೇ ಹೋಗಿ. ನಗರದ ದೊಡ್ಡ ಆಸ್ಪತ್ರೆಗಳಲ್ಲಿ ಶ್ವಾಸಕೋಶ ಅಥವಾ ಕಿವಿ-ಮೂಗು-ಗಂಟಲು ವಿಭಾಗದಲ್ಲಿ ‘ಸ್ಲೀಪ್ ಸ್ಟಡಿ’ ಎಂದು ಕೇಳಿದರೆ ತಿಳಿಯುತ್ತದೆ. ಮನೆಯಲ್ಲೇ ಒಂದು ರಾತ್ರಿ ಕಟ್ಟಿಕೊಳ್ಳುವ ಉಪಕರಣವೂ ಇದೆ. ದುಬಾರಿ ಉಂಗುರಕ್ಕಿಂತ ಇದರ ಖರ್ಚು ಸಾಮಾನ್ಯವಾಗಿ ಕಡಿಮೆ.

ಉಂಗುರವೂ ರಕ್ತದ ಆಮ್ಲಜನಕ ತೋರಿಸುತ್ತದಲ್ಲ ಎನ್ನಬಹುದು. ಆದರೆ ಅಮೆರಿಕದ ನಿದ್ರಾ ವೈದ್ಯರ ಅಕಾಡೆಮಿ 2018ರಲ್ಲೇ, ಇಂಥ ಗ್ರಾಹಕ ಸಾಧನಗಳು ಕಾಯಿಲೆಯ ಪತ್ತೆಗೆ ಪರ್ಯಾಯವಲ್ಲ ಎಂದಿತು. ಆಸ್ಪತ್ರೆಯ ಆಕ್ಸಿಮೀಟರ್‌ಗಳೇ ಕಪ್ಪು ಚರ್ಮದವರಲ್ಲಿ ಆಮ್ಲಜನಕದ ಕೊರತೆಯನ್ನು ಬಿಳಿಯರಿಗಿಂತ ಸುಮಾರು ಮೂರು ಪಟ್ಟು ಹೆಚ್ಚು ಸಲ ತಪ್ಪಿಸಿಕೊಂಡದ್ದು 2020ರ ಅಧ್ಯಯನವೊಂದರಲ್ಲಿ ಕಂಡಿತು. ‘ಎಲ್ಲ ಸರಿಯಿದೆ’ ಎಂದು ಆ್ಯಪ್ ಹೇಳಿದ್ದಕ್ಕೆ ಪರೀಕ್ಷೆ ಮುಂದೂಡುವುದನ್ನು ನೆನೆದರೆ ನನಗೆ ಭಯವಾಗುತ್ತದೆ.

ಇಷ್ಟಾದ ಮೇಲೂ ಕೊಳ್ಳುವವರಿಗೆ ಕೆಲವು ಮಾತು. ಅಳತೆಯ ಮಾದರಿ ಉಂಗುರವನ್ನು ಒಂದು ಹಗಲು, ಒಂದು ರಾತ್ರಿ ಹಾಕಿಯೇ ಗಾತ್ರ ಆರಿಸಿ, ಸೆಕೆಗೆ ಬೆರಳು ಊದುತ್ತದೆ. ಮಳೆಗಾಲದಲ್ಲಿ ಅದರಡಿ ಚರ್ಮ ಒದ್ದೆಯಾಗಿಯೇ ಉಳಿದು ತುರಿಸದಂತೆ ದಿನವೂ ತೆಗೆದು ಒರೆಸಿ. ಔರಾಕ್ಕೆ ತಿಂಗಳ ಚಂದಾ ಇದೆ, ರಿಂಗ್ ಏರ್ ಮತ್ತು ಗ್ಯಾಲಕ್ಸಿಯ ಮೂಲ ಸೌಲಭ್ಯಗಳಿಗೆ ಇಲ್ಲ. ವಿದೇಶದಿಂದ ತರಿಸುವುದಾದರೆ ವಾರಂಟಿ ಇಲ್ಲಿ ನಡೆಯುತ್ತದೆಯೇ ಎಂದು ಮೊದಲೇ ಕೇಳಿ.

ನಾನು ಮನಸಾರೆ ‘ತೆಗೆದುಕೊಳ್ಳಿ’ ಎನ್ನುವುದು ಎಂಆರ್‌ಪಿಎಲ್‌ನಲ್ಲೋ ನವಮಂಗಳೂರು ಬಂದರಿನಲ್ಲೋ ಪಾಳಿ ಬದಲಿಸುತ್ತ ದುಡಿಯುವವರಿಗೆ. ರಾತ್ರಿ ಪಾಳಿಯ ಮರುದಿನ ಹಗಲಲ್ಲಿ ಎಷ್ಟು ಗಂಟೆ ನಿದ್ದೆ ದಕ್ಕಿತು, ಪಾಳಿ ಬದಲಾದ ಮೇಲೆ ವಿಶ್ರಾಂತಿಯ ನಾಡಿಮಿಡಿತ ಹಳೆಯ ಮಟ್ಟಕ್ಕೆ ಬರಲು ಎಷ್ಟು ದಿನ ಹಿಡಿಯಿತು ಎಂಬುದನ್ನು ನೆನಪಿನಿಂದ ಹೇಳುವುದು ಕಷ್ಟ. ಉಂಗುರ ಚೆನ್ನಾಗಿ ಅಳೆಯುವುದೂ ಇವನ್ನೇ. ಗಾಢ ನಿದ್ದೆಯ ನಿಮಿಷಗಳನ್ನು ಬದಿಗಿಟ್ಟು ಈ ಎರಡು ಸಾಲುಗಳನ್ನಷ್ಟೇ ಎರಡು ತಿಂಗಳು ಕೂಡಿಸಿಟ್ಟರೆ, ವೈದ್ಯರ ಮುಂದೆಯೋ ಪಾಳಿ ಹಂಚುವ ಮೇಲಧಿಕಾರಿಯ ಮುಂದೆಯೋ ಇಟ್ಟು ಮಾತಾಡಲು ಕೈಯಲ್ಲೊಂದು ದಾಖಲೆ ಇರುತ್ತದೆ.