ಸಾವಿನ ಹಾಡು ನ್ಯಾಯಾಲಯದ ಮೆಟ್ಟಿಲೇರಿದಾಗ

ಹೆವಿ ಮೆಟಲ್ ಎಂದೊಡನೆ ಕಣ್ಮುಂದೆ ಬರುವುದು ಕಪ್ಪು ಅಂಗಿ, ಉದ್ದ ಕೂದಲು, ಕಿವಿ ಗಡಚಿಕ್ಕುವ ಗಿಟಾರ್. ಹಾಡಿನ ವಸ್ತುವೋ ಸಾವು, ಯುದ್ಧ, ಹತಾಶೆ. ಇಂಥದ್ದನ್ನು ಕೇಳಿದರೆ ಮಕ್ಕಳ ಗತಿಯೇನು ಎಂಬ ಹೆತ್ತವರ ಆತಂಕ ಅಮೆರಿಕದಲ್ಲಿ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು.

ಈ ಸಂಗೀತದ ತವರು ಇಂಗ್ಲೆಂಡಿನ ಕಾರ್ಖಾನೆಗಳ ಊರು ಬರ್ಮಿಂಗ್‌ಹ್ಯಾಮ್. ಅಲ್ಲಿನ ಬ್ಲ್ಯಾಕ್ ಸಬತ್ ತಂಡದ ಟೋನಿ ಅಯೋಮಿ 17ರ ಹರೆಯದಲ್ಲೇ ಕಾರ್ಖಾನೆಯ ಯಂತ್ರಕ್ಕೆ ಬಲಗೈಯ ಎರಡು ಬೆರಳ ತುದಿಗಳನ್ನು ಕಳೆದುಕೊಂಡವರು. ಪ್ಲಾಸ್ಟಿಕ್ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡು ನುಡಿಸಿದರು. ಮುಂದೆ ತಂತಿಯ ಬಿಗಿಯನ್ನೂ ಸಡಿಲಿಸಿದಾಗ ಹುಟ್ಟಿದ್ದು ಆ ಭಾರವಾದ ಮಂದ್ರ ನಾದ. 1970ರಲ್ಲಿ ಅವರ ಮೊದಲ ಧ್ವನಿಮುದ್ರಿಕೆ ಬಂತು. ಹೆಚ್ಚಿನ ಹಾಡುಗಳನ್ನು ಬರೆದ ಗೀಜರ್ ಬಟ್ಲರ್ ಅವರಿಗೆ ವಿಯೆಟ್ನಾಂ ಯುದ್ಧ, ಅಣುಬಾಂಬಿನ ಭೀತಿ, ಮಾದಕ ವಸ್ತುಗಳ ಹಾವಳಿ ಎಲ್ಲವೂ ವಸ್ತುವಾದವು.

ತಂಡದಿಂದ ಹೊರಬಿದ್ದ ಗಾಯಕ ಓಝಿ ಆಸ್ಬರ್ನ್ 1980ರಲ್ಲಿ ಹಾಡಿದ ‘ಸೂಯಿಸೈಡ್ ಸಲ್ಯೂಷನ್’ ದೊಡ್ಡ ರಂಪಕ್ಕೆ ಕಾರಣವಾಯಿತು. ‘ಸಲ್ಯೂಷನ್’ ಪದಕ್ಕೆ ಪರಿಹಾರ ಎಂದೂ ಅರ್ಥ, ದ್ರಾವಣ ಎಂದೂ ಅರ್ಥ. ಹಾಡಿನ ನಿಜವಾದ ವಿಷಯ ಹೆಂಡ. ಕುಡಿತವೇ ನಿಧಾನದ ಆತ್ಮಹತ್ಯೆ ಎಂಬ ಎಚ್ಚರಿಕೆ. ಆದರೆ ಶ್ಲೇಷೆಯನ್ನು ಬಿಡಿಸಿ ನೋಡುವ ವ್ಯವಧಾನ ಯಾರಿಗಿತ್ತು? 1984ರಲ್ಲಿ ಕ್ಯಾಲಿಫೋರ್ನಿಯಾದ ತರುಣನೊಬ್ಬ ಪ್ರಾಣ ಕಳೆದುಕೊಂಡಾಗ ಅವನ ತಂದೆತಾಯಿ ದಾವೆ ಹೂಡಿದರು. ಅದು ವಜಾ ಆಯಿತು. 1988ರಲ್ಲಿ ಮೇಲ್ಮನವಿಯಲ್ಲೂ ತೀರ್ಪು ಬದಲಾಗಲಿಲ್ಲ.

ಇನ್ನೊಂದು ಮೊಕದ್ದಮೆ ಇದಕ್ಕಿಂತ ವಿಚಿತ್ರ. 1985ರಲ್ಲಿ ನೆವಾಡಾ ರಾಜ್ಯದ ಇಬ್ಬರು ಗೆಳೆಯರು ಗುಂಡು ಹಾರಿಸಿಕೊಂಡರು. ಒಬ್ಬ ಸ್ಥಳದಲ್ಲೇ ಸತ್ತ, ಇನ್ನೊಬ್ಬ ಮೂರು ವರ್ಷ ನರಳಿ ತೀರಿಕೊಂಡ. ಜುದಾಸ್ ಪ್ರೀಸ್ಟ್ ತಂಡದ 1978ರ ಹಾಡೊಂದರಲ್ಲಿ ‘ಮಾಡು’ ಎಂಬ ಗುಪ್ತ ಆಜ್ಞೆ ಅಡಗಿದೆ ಎಂಬುದು ಮನೆಯವರ ಆರೋಪ. ಗೀತೆಯ ಸಾಲುಗಳಿಗೆ ವಾಕ್ ಸ್ವಾತಂತ್ರ್ಯದ ರಕ್ಷಣೆ ಇದ್ದುದರಿಂದ ವಾದವೆಲ್ಲ ಕೇಳಿಸದ ಮಾತಿನ ಸುತ್ತಲೇ ಸುತ್ತಿತು! ಆ ಹಾಡಾದರೂ ತಂಡದ ಸ್ವಂತದ್ದಲ್ಲ, ಸ್ಪೂಕಿ ಟೂತ್ ತಂಡದಿಂದ ಪಡೆದದ್ದು. 1990ರಲ್ಲಿ ನ್ಯಾಯಾಧೀಶರು, ಆ ಸದ್ದು ಆಕಸ್ಮಿಕ, ಸಾವಿಗೆ ಅದೇ ಕಾರಣವೆಂಬುದು ಸಾಬೀತಾಗಿಲ್ಲ ಎಂದರು. ಹುಡುಗರ ಕುಡಿತ, ಮಾದಕ ವ್ಯಸನ, ಮನೆಯ ಕಲಹಗಳು ವಿಚಾರಣೆಯಲ್ಲಿ ಹೊರಬಂದವು. ಅವುಗಳ ಮೇಲೆ ಯಾರು ದಾವೆ ಹೂಡಬಲ್ಲರು?

ಶೋಕವನ್ನೇ ಸ್ಥಾಯಿಯಾಗಿ ಪಡೆದ ಕರುಣರಸವನ್ನು ಸವಿಯುವ ನಮಗೆ ಈ ಹಾಡುಗಳ ಆಕರ್ಷಣೆ ಅರ್ಥವಾಗದ್ದೇನಲ್ಲ. 2011ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿಹೋದ ಮೆಟಾಲಿಕಾ ತಂಡದ ‘ಫೇಡ್ ಟು ಬ್ಲ್ಯಾಕ್’ ಬದುಕಿನ ಆಸೆಯನ್ನೇ ಬಿಟ್ಟವನ ಅಳಲು. 1984ರಲ್ಲಿ ಬಾಸ್ಟನ್ನಿನಲ್ಲಿ ತಂಡದ ವಾದ್ಯ ಸಲಕರಣೆಗಳು ಕಳುವಾದ ಬೇಸರದಲ್ಲಿ ಜೇಮ್ಸ್ ಹೆಟ್‌ಫೀಲ್ಡ್ ಬರೆದದ್ದು. ಇದರ ಮೇಲೂ ಅದೇ ಆಪಾದನೆ ಬಂತು. ಹೆಟ್‌ಫೀಲ್ಡ್ ಹೇಳುವಂತೆ, ಈ ಹಾಡು ಕೇಳಿ ತಮ್ಮ ಮನಸ್ಸು ಹಗುರವಾಯಿತು ಎಂದು ಹುಡುಗರು ತಂಡಕ್ಕೆ ಬರೆದ ಪತ್ರಗಳು ನೂರಾರು.